ಸ್ಟೊಮು ಯಮಾಶ್ತಾ: ಡ್ರಮ್ ಬಿಟ್ಟುಕೊಟ್ಟ ಡ್ರಮ್ಮರ್

ಬ್ಯಾಂಡಿನಲ್ಲಿ ಡ್ರಮ್ಮರ್ ಕೂರುವುದು ಹಿಂದೆ. ಪಾಶ್ಚಾತ್ಯ ಆರ್ಕೆಸ್ಟ್ರಾದಲ್ಲೂ ಅಷ್ಟೇ. ಅಲ್ಲಿ ತಾಳವಾದ್ಯದವರು ಕೊನೆಯ ಸಾಲಿನಲ್ಲಿ ನಿಂತು ಎಷ್ಟೋ ಹೊತ್ತು ಎಣಿಸುತ್ತಿರುತ್ತಾರೆ, ಸರದಿ ಬಂದಾಗ ಒಂದು ಪೆಟ್ಟು ಕೊಟ್ಟು ಮತ್ತೆ ಸುಮ್ಮನಾಗುತ್ತಾರೆ.

1970ರ ಸುಮಾರಿಗೆ ಜಪಾನಿನ ಒಬ್ಬ ಯುವಕ ಈ ಕೊನೆಯ ಸಾಲಿನಿಂದ ಎದ್ದು ವೇದಿಕೆಯ ನಡುಮಧ್ಯಕ್ಕೆ ಬಂದರು. ಕೆಲವೇ ವರ್ಷಗಳಲ್ಲಿ ಡ್ರಮ್ಮಿನ ಮುಂದಿನ ಕುರ್ಚಿಯನ್ನು ತಾವಾಗಿಯೇ ಇನ್ನೊಬ್ಬರಿಗೆ ಕೊಟ್ಟರು. ಅವರ ಹೆಸರು ಸ್ಟೊಮು ಯಮಾಶ್ತಾ. 1971ರಿಂದ 1976ರವರೆಗಿನ ಅವರ ಆಲ್ಬಂಗಳನ್ನು ಬಂದ ಕ್ರಮದಲ್ಲೇ ಕೇಳುತ್ತಾ ಹೋದರೆ ಈ ಬದಲಾವಣೆ ಕಿವಿಗೆ ತಿಳಿಯುತ್ತದೆ.

ಅವರು ಹುಟ್ಟಿದ್ದು 1947ರಲ್ಲಿ, ಕ್ಯೋಟೊ ನಗರದಲ್ಲಿ. ಊರಿನ ಹೆಸರನ್ನು ಸುಮ್ಮನೆ ಹೇಳುತ್ತಿಲ್ಲ. 1945ರಲ್ಲಿ ಅಮೆರಿಕ ಅಣುಬಾಂಬಿಗೆ ಗುರುತು ಮಾಡಿದ ಊರುಗಳ ಪಟ್ಟಿಯಲ್ಲಿ ಕ್ಯೋಟೊ ಕೂಡ ಇತ್ತು. ಅಂದಿನ ಅಮೆರಿಕದ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಪಟ್ಟು ಹಿಡಿದು ಅದನ್ನು ತೆಗೆಸಿದರು. ಬಾಂಬು ಹಿರೋಶಿಮಾ, ನಾಗಸಾಕಿಗಳ ಮೇಲೆ ಬಿತ್ತು. ಹಾಗೆ ಉಳಿದುಕೊಂಡ ಊರಿನಲ್ಲಿ, ಯುದ್ಧ ಮುಗಿದ ಎರಡನೇ ವರ್ಷಕ್ಕೆ ಹುಟ್ಟಿದ ಮಗು ಇದು.

ಮುಂದೆ ಅಮೆರಿಕಕ್ಕೆ ಹೋಗಿ ಜುಲಿಯಾರ್ಡ್ ಮತ್ತು ಬರ್ಕ್ಲಿ ಸಂಗೀತ ಶಾಲೆಗಳಲ್ಲಿ ಕಲಿತರು. ಕೈಚಳಕ ಎಷ್ಟಿತ್ತೆಂದರೆ ದೊಡ್ಡ ಸಂಗೀತಕಾರರು ಅವರಿಗೆಂದೇ ಕೃತಿ ಬರೆದರು. ಜಪಾನಿನ ತೊರು ತಕೆಮಿಟ್ಸು 1971ರಲ್ಲಿ ಬರೆದ 'ಕ್ಯಾಸಿಯೋಪಿಯಾ' ಒಂದು ಉದಾಹರಣೆ. ಅದರಲ್ಲಿ ತಾಳವಾದ್ಯದವರೇ ಮುಖ್ಯ ಕಲಾವಿದರು, ಇಡೀ ಆರ್ಕೆಸ್ಟ್ರಾ ಅವರ ಜೊತೆಗೆ ನುಡಿಸುತ್ತದೆ.

ಅದೇ ವರ್ಷ 'ರೆಡ್ ಬುದ್ಧ' ಆಲ್ಬಂ ಬಂತು. ಎಲ್‌ಪಿ ರೆಕಾರ್ಡಿನ ಒಂದು ಬದಿಗೆ ಒಂದು ರಚನೆ, ಇನ್ನೊಂದು ಬದಿಗೆ ಮತ್ತೊಂದು. ನುಡಿಸುವವರು ಒಬ್ಬರೇ. ಹಾಡಿಲ್ಲ, ಗಿಟಾರಿಲ್ಲ. ಬಡಿತ, ತಟ್ಟು, ಮೊಳಗು, ನಡುನಡುವೆ ಮೌನ. ಇಲ್ಲಿ ಯಮಾಶ್ತಾ ಒಬ್ಬರೇ ರಾಜ.

ಆದರೆ ಅವರು ಅಲ್ಲಿಯೇ ನಿಲ್ಲಲಿಲ್ಲ. 1972ರ 'ಫ್ಲೋಟಿಂಗ್ ಮ್ಯೂಸಿಕ್' ಆಲ್ಬಮ್ಮಿನಲ್ಲಿ 'ಕಮ್ ಟು ದಿ ಎಡ್ಜ್' ಎಂಬ ಬ್ರಿಟಿಷ್ ತಂಡದ ಜೊತೆ ಸೇರಿದರು. ಜಾಝ್-ರಾಕ್ ದಾರಿ ಹಿಡಿದದ್ದು ಇಲ್ಲಿಂದ. ರಾಕ್ ಸಂಗೀತದಲ್ಲಿ ತಾಳ ಬಿಗಿ, ಕರೆಂಟ್ ಗಿಟಾರಿನ ಸದ್ದು ಜೋರು. ಜಾಝ್‌ನಲ್ಲಿ ಒಬ್ಬರು ನುಡಿಸಿದ್ದನ್ನು ಕೇಳಿ ಇನ್ನೊಬ್ಬರು ಅಲ್ಲಿಯೇ ಉತ್ತರ ಹುಟ್ಟಿಸಬೇಕು. ಎರಡನ್ನೂ ಕಲಸಿದರೆ ಜಾಝ್-ರಾಕ್. ಇಲ್ಲಿ ಒಬ್ಬರೇ ಮೆರೆದರೆ ಮಾತುಕತೆಯೇ ನಿಂತುಹೋಗುತ್ತದೆ.

1973ರ 'ದಿ ಮ್ಯಾನ್ ಫ್ರಮ್ ದಿ ಈಸ್ಟ್' ಅವರ 'ರೆಡ್ ಬುದ್ಧ ಥಿಯೇಟರ್' ತಂಡದ ರಂಗಪ್ರಯೋಗಕ್ಕೆ ಮಾಡಿದ ಸಂಗೀತ. ಹೆಸರಿನ ಅರ್ಥ 'ಪೂರ್ವದಿಂದ ಬಂದವನು'. ಆ ಕಾಲದಲ್ಲಿ ಯುರೋಪಿನ ಯುವಜನರಿಗೆ ಪೂರ್ವದೇಶ ಎಂದರೆ ಧ್ಯಾನ, ಗಂಟೆ, ಧೂಪ. ಆ ಹಣೆಪಟ್ಟಿಯನ್ನು ಯಮಾಶ್ತಾ ತಾವೇ ಅಂಟಿಸಿಕೊಂಡರು. ಆದರೆ ಅದೇ ಆಲ್ಬಮ್ಮಿನಲ್ಲಿ 'ಮೆಮೊರಿ ಆಫ್ ಹಿರೋಶಿಮಾ' ಎಂಬ ರಚನೆಯನ್ನೂ ಇಟ್ಟರು. ಧೂಪದ ವಾಸನೆ ಹುಡುಕಿ ಬಂದವರ ಮುಂದೆ ಸುಟ್ಟ ಊರಿನ ನೆನಪನ್ನೂ ತಂದು ನಿಲ್ಲಿಸಿದರು. ಉಳಿದುಕೊಂಡ ಊರಿನವರು ಸುಟ್ಟುಹೋದ ಊರನ್ನು ನೆನೆದದ್ದು ಅದು ಎಂದು ತಿಳಿದು ಕೇಳಿದಾಗ ನಮಗೆ ಅದರ ತೂಕ ಹೆಚ್ಚಾಯಿತು. 1976ರಲ್ಲಿ ಡೇವಿಡ್ ಬೋವಿ ನಟಿಸಿದ 'ದಿ ಮ್ಯಾನ್ ಹೂ ಫೆಲ್ ಟು ಅರ್ತ್' ಸಿನಿಮಾದಲ್ಲೂ ಈ ರಚನೆ ಸೇರಿಕೊಂಡಿತು.

1973ರಲ್ಲೇ ಬಂದ ಇನ್ನೊಂದು ಆಲ್ಬಂ 'ಫ್ರೀಡಮ್ ಈಸ್ ಫ್ರೈಟನಿಂಗ್', ಅಂದರೆ 'ಸ್ವಾತಂತ್ರ್ಯ ಭಯ ಹುಟ್ಟಿಸುತ್ತದೆ'. ಬಾಸ್ ಗಿಟಾರಿಗೆ 'ಸಾಫ್ಟ್ ಮೆಷಿನ್' ತಂಡದಲ್ಲಿದ್ದ ಹ್ಯೂ ಹಾಪರ್. ಗಿಟಾರಿಗೆ ಗ್ಯಾರಿ ಬಾಯ್ಲ್, ಇವರು ಹುಟ್ಟಿದ್ದು ನಮ್ಮ ದೇಶದ ಪಟ್ನಾದಲ್ಲಿ. ಪಿಟೀಲಿಗೆ ಹಿಸಾಕೊ ಯಮಾಶ್ತಾ, ಕೀಬೋರ್ಡಿಗೆ ಬ್ರಯನ್ ಗ್ಯಾಸ್ಕಾಯ್ನ್. 'ರೆಡ್ ಬುದ್ಧ' ಕೇಳಿದ ಕಿವಿಗೆ ಇಲ್ಲಿ ಆಶ್ಚರ್ಯ ಕಾದಿದೆ. ಆಲ್ಬಂ ಯಮಾಶ್ತಾ ಹೆಸರಿನಲ್ಲಿದ್ದರೂ ಗಿಟಾರು, ಪಿಟೀಲು, ಕೀಬೋರ್ಡುಗಳಿಗೆ ಧಾರಾಳ ಜಾಗ ಇದೆ.

ಈ ದಾರಿಯ ತುದಿ 1976ರ 'ಗೋ'. ಬ್ರಿಟನ್ನಿನ ಸ್ಟೀವ್ ವಿನ್‌ವುಡ್ ಹಾಡಿದರು. ಜರ್ಮನಿಯ ಕ್ಲಾಸ್ ಶುಲ್ಜೆ ಸಿಂಥಸೈಜರ್, ಅಮೆರಿಕದ ಆಲ್ ಡಿ ಮಿಯೋಲಾ ಗಿಟಾರ್ ನುಡಿಸಿದರು. ಡ್ರಮ್ ಸೆಟ್ಟಿನ ಮುಂದೆ ಕೂತವರು ಮೈಕೇಲ್ ಶ್ರೀವ್. 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಸಂಟಾನಾ ತಂಡಕ್ಕೆ ಡ್ರಮ್ ಬಾರಿಸಿ ಹೆಸರಾದವರು ಇವರೇ. ಯಮಾಶ್ತಾ ಸಂಗೀತ ರಚಿಸಿ, ಇತರ ತಾಳವಾದ್ಯಗಳನ್ನೂ ಕೀಬೋರ್ಡನ್ನೂ ನೋಡಿಕೊಂಡರು. ಐದು ವರ್ಷದ ಹಿಂದೆ ಇಡೀ ರೆಕಾರ್ಡನ್ನು ಒಬ್ಬರೇ ತುಂಬಿದ್ದವರು ಡ್ರಮ್ಮಿನ ಕೋಲನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದರು.

ಇದನ್ನು ಸೋಲು ಎಂದು ನಾವು ಓದುವುದಿಲ್ಲ. ಕೈಚಳಕ ಇರುವವರಿಗೆ ಜನ ಚಪ್ಪಾಳೆ ತಟ್ಟುತ್ತಲೇ ಇರುತ್ತಾರೆ, ಅದನ್ನು ಬಿಟ್ಟು ಹಿಂದೆ ಸರಿಯುವುದು ಕಷ್ಟ. ಆಮೇಲೆ ಅವರು ಕ್ಯೋಟೊಗೆ ಮರಳಿ ಸಾನುಕೈಟ್ ಎಂಬ ಕಲ್ಲಿನ ವಾದ್ಯಗಳ ಕಡೆ ಹೊರಳಿದರು. ಇದು ಜಪಾನಿನ ಕಾಗಾವಾ ಪ್ರಾಂತ್ಯದಲ್ಲಿ ಸಿಗುವ ಜ್ವಾಲಾಮುಖಿ ಕಲ್ಲು. ತಟ್ಟಿದರೆ ಕಂಚಿನಂತೆ ಮೊಳಗುತ್ತದೆ. ಅದನ್ನು ನುಡಿಸಲು ವೇಗ ಬೇಡ, ಒಂದು ಪೆಟ್ಟಿನ ನಾದ ಇಳಿಯುವವರೆಗೆ ಕಾಯುವ ತಾಳ್ಮೆ ಬೇಕು.

ಕೇಳುವ ಆಸೆಯಾದರೆ 'ಫ್ರೀಡಮ್ ಈಸ್ ಫ್ರೈಟನಿಂಗ್'ನ ಕೊನೆಯ ರಚನೆ 'ವಿಂಡ್ ವರ್ಡ್ಸ್'ನಿಂದ ಶುರುಮಾಡಿ, ಆಮೇಲೆ ಹಿಂದಕ್ಕೆ 'ರೆಡ್ ಬುದ್ಧ'ಕ್ಕೆ ಹೋಗಿ. ಫೋನಿನ ಸ್ಪೀಕರಿನಲ್ಲಿ ಡ್ರಮ್ಮಿನ ತಗ್ಗುದನಿ ಅರ್ಧ ಮಾಯವಾಗುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ, ರಾತ್ರಿ ಊರು ಮಲಗಿದ ಮೇಲೆ ಕೇಳಿ.