ಹೂಡಿಕೆ ಸಲಹಾ ವೃತ್ತಿ: ಚಿಕ್ಕೋಡಿ ಭಾಗದಲ್ಲಿ ನೋಂದಣಿ ಮತ್ತು ಕಾನೂನು

ಶುಲ್ಕ ಪಡೆದು ಷೇರು, ಮ್ಯೂಚುವಲ್ ಫಂಡ್, ಬಾಂಡ್ ಮುಂತಾದವುಗಳಲ್ಲಿ ಹಣ ತೊಡಗಿಸುವ ಬಗ್ಗೆ ಸಲಹೆ ಕೊಡುವುದು ಹೂಡಿಕೆ ಸಲಹಾ ವೃತ್ತಿ. ಷೇರುಪೇಟೆ ನಿಯಂತ್ರಕ ಸೆಬಿಯ 2013ರ ಹೂಡಿಕೆ ಸಲಹೆಗಾರರ ನಿಯಮಾವಳಿಯಂತೆ ನೋಂದಣಿ ಇಲ್ಲದೆ ಇದನ್ನು ನಡೆಸುವಂತಿಲ್ಲ. ಪತ್ರಿಕೆ, ಟಿವಿಗಳಲ್ಲಿ ಎಲ್ಲರಿಗೂ ಹೇಳುವ ಸಾಮಾನ್ಯ ಮಾತು ಇದರಡಿ ಬರುವುದಿಲ್ಲ. ತಮ್ಮ ವೃತ್ತಿಯ ಭಾಗವಾಗಿ ಸಲಹೆ ಹೇಳುವ ವಕೀಲರು, ಚಾರ್ಟರ್ಡ್ ಅಕೌಂಟೆಂಟರು, ವಿಮಾ ಏಜೆಂಟರಿಗೆ ವಿನಾಯಿತಿ ಉಂಟು.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಬ್ಬಿನ ಬಿಲ್ಲು, ನಿಪ್ಪಾಣಿ ಕಡೆಯ ತಂಬಾಕಿನ ದುಡ್ಡು ಒಮ್ಮೆಲೇ ಕೈಸೇರುತ್ತದೆ. ಅದು ಬಹುಪಾಲು ಸಹಕಾರಿ ಸೊಸೈಟಿಯ ಠೇವಣಿಗೆ, ಭಿಶಿ ಚೀಟಿಗೆ, ಬಂಗಾರಕ್ಕೆ, ಹೊಲಕ್ಕೆ ಹೋಗುತ್ತದೆ. ಷೇರು, ಫಂಡುಗಳ ಮಾತು ಬಂದಾಗ ಎದುರಿಗಿರುವವರು ಸಾಮಾನ್ಯವಾಗಿ ಫಂಡ್ ಕಂಪನಿಯಿಂದ ಕಮಿಷನ್ ಪಡೆಯುವ ವಿತರಕರು. ಅವರಿಗೆ ಬೇಕಾದದ್ದು ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯ ಎಆರ್‌ಎನ್ ಸಂಖ್ಯೆ. ಸಲಹೆಗಾರನ ದಾರಿಯೇ ಬೇರೆ. ಅವನ ಗಳಿಕೆ ಗ್ರಾಹಕನಿಂದ ಮಾತ್ರ, ಮಾರುವವನಿಂದ ಒಂದು ರೂಪಾಯಿಯೂ ಇಲ್ಲ. ಒಬ್ಬ ವ್ಯಕ್ತಿ ಎರಡೂ ಕೆಲಸ ಮಾಡುವಂತಿಲ್ಲ. ಸಂಸ್ಥೆಯಾದರೆ ಎರಡನ್ನೂ ಮಾಡಬಹುದು, ಆದರೆ ಒಂದೇ ಕುಟುಂಬಕ್ಕೆ ಸಲಹೆ ಮತ್ತು ಮಾರಾಟ ಎರಡನ್ನೂ ಒದಗಿಸುವಂತಿಲ್ಲ. ಇಡೀ ನಿಯಮಾವಳಿಯ ತಿರುಳು ಇಷ್ಟೇ. ಊರಿನ ಗ್ರಾಹಕರಿಗೆ ಮೊದಲು ಗೊಂದಲವಾಗುವುದೂ ಇಲ್ಲಿಯೇ.

ನೋಂದಣಿಗೆ ಸೆಬಿಯ ತರಬೇತಿ ಸಂಸ್ಥೆಯಾದ ಎನ್‌ಐಎಸ್‌ಎಂನ 10-ಎ, 10-ಬಿ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರಬೇಕು. 2024ರ ಡಿಸೆಂಬರ್ ತಿದ್ದುಪಡಿ ಸ್ನಾತಕೋತ್ತರ ಪದವಿ ಮತ್ತು ಅನುಭವದ ಷರತ್ತನ್ನು ಕೈಬಿಟ್ಟು, ಪದವಿ ಇದ್ದರೆ ಸಾಕೆಂದಿತು. ಸಣ್ಣ ಊರಿನವರಿಗೆ ಬಾಗಿಲು ತೆರೆದದ್ದು ಇದರಿಂದಲೇ. ಬೇರೆ ಉದ್ಯೋಗದಲ್ಲಿರುವವರು ಅರೆಕಾಲಿಕ ಸಲಹೆಗಾರರಾಗಿ 75 ಗ್ರಾಹಕರವರೆಗೆ ಸೇವೆ ಕೊಡಬಹುದು. ನಿವ್ವಳ ಆಸ್ತಿಯ ಷರತ್ತಿನ ಜಾಗಕ್ಕೆ ಠೇವಣಿ ಬಂದಿದೆ: 150 ಗ್ರಾಹಕರವರೆಗೆ 1 ಲಕ್ಷ, 300ರವರೆಗೆ 2 ಲಕ್ಷ, 1,000ದವರೆಗೆ 5 ಲಕ್ಷ, ಆಮೇಲೆ 10 ಲಕ್ಷ ರೂಪಾಯಿ. ಈ ಹಣವನ್ನು ಬ್ಯಾಂಕಿನಲ್ಲಿ ಇಡುವುದಾದರೆ ಶೆಡ್ಯೂಲ್ಡ್ ಬ್ಯಾಂಕಿನಲ್ಲಿಟ್ಟು, ಸಲಹೆಗಾರರ ಮೇಲ್ವಿಚಾರಣೆ ವಹಿಸಿಕೊಂಡಿರುವ ಷೇರು ವಿನಿಮಯ ಕೇಂದ್ರ ಬಿಎಸ್‌ಇ ಹೆಸರಿಗೆ ಲೀನ್ (ಹಿಡಿತದ ಹಕ್ಕು) ಹಾಕಿಸಬೇಕು. ಊರ ಸೊಸೈಟಿಯ ಠೇವಣಿ ಪಾವತಿ ನಡೆಯುವುದಿಲ್ಲ. ಗ್ರಾಹಕರು 300 ಅಥವಾ ವರ್ಷದ ಶುಲ್ಕ 3 ಕೋಟಿ ದಾಟಿದರೆ ವ್ಯಕ್ತಿ ಸಂಸ್ಥೆಯಾಗಿ ಬದಲಾಗಬೇಕು.

ಕಚೇರಿ ತೆರೆಯುವ ಕೆಲಸ ಹೆಚ್ಚೇನಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಶೇ. 18ರ ಜಿಎಸ್‌ಟಿ ಬೀಳುತ್ತದೆ. ಗಡಿಭಾಗದಲ್ಲಿ ಏಳುವ ಪ್ರಶ್ನೆಯೆಂದರೆ ಮಹಾರಾಷ್ಟ್ರದ ಗ್ರಾಹಕರದ್ದು. ಸೆಬಿ ನೋಂದಣಿ ದೇಶಕ್ಕೆಲ್ಲ ಅನ್ವಯ. ಕಾಗವಾಡದಲ್ಲಿ ಕುಳಿತು ಮೀರಜಿನವರಿಗೆ, ನಿಪ್ಪಾಣಿಯಿಂದ ಕೊಲ್ಹಾಪುರದವರಿಗೆ ಸಲಹೆ ಕೊಡಲು ಅಡ್ಡಿಯಿಲ್ಲ. ಸೇವೆ ರಾಜ್ಯದಾಚೆ ಹೋಯಿತೆಂಬ ಕಾರಣಕ್ಕೇ 20 ಲಕ್ಷದ ವಿನಾಯಿತಿ ತಪ್ಪುವುದೂ ಇಲ್ಲ. ಅಲ್ಲಿಯೇ ಶಾಖೆ ತೆರೆದರೆ ಮಾತ್ರ ಆ ರಾಜ್ಯದ ಅಂಗಡಿ ಕಾಯ್ದೆ ನೋಡಬೇಕು.

ಸಲಹೆಗೆ ಮುನ್ನ ಗ್ರಾಹಕನ ಕೆವೈಸಿ, ನಷ್ಟ ತಾಳುವ ಶಕ್ತಿಯ ಅಂದಾಜು, ಲಿಖಿತ ಒಪ್ಪಂದ ಆಗಿರಬೇಕು. ವರ್ಷಕ್ಕೊಮ್ಮೆ ಕಬ್ಬಿನ ಬಿಲ್ಲು ಬರುವ, ಊರ ಕೃಷಿ ಪತ್ತಿನ ಸಹಕಾರಿ ಸಂಘದ (ಪಿಕೆಪಿಎಸ್) ಸಾಲ ತೀರಿಸಬೇಕಾದ ರೈತನಿಗೂ ತಿಂಗಳ ಪಗಾರದ ಮೇಷ್ಟ್ರಿಗೂ ಒಂದೇ ಅಳತೆ ಹಾಕಿದರೆ ಆ ಅಂದಾಜಿಗೆ ಅರ್ಥವಿಲ್ಲ. ಶುಲ್ಕ ನಿಗದಿತ ಮೊತ್ತವಾದರೆ ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ 1,51,000 ರೂಪಾಯಿ. ಆಸ್ತಿಯ ಲೆಕ್ಕದಲ್ಲಾದರೆ ಶೇ. 2.5. ಶುಲ್ಕವನ್ನು ನಗದಾಗಿ ಪಡೆಯುವಂತಿಲ್ಲ. ಕರೆ, ವಾಟ್ಸಾಪ್ ಸಂದೇಶ ಸೇರಿ ಎಲ್ಲ ದಾಖಲೆ 5 ವರ್ಷ ಇರಬೇಕು. ಪ್ರತಿ ವರ್ಷ ನಿಯಮಪಾಲನೆಯ ಆಡಿಟ್ ಆಗಬೇಕು. ಲಾಭದ ಖಾತರಿ ಕೊಡುವಂತಿಲ್ಲ.

ಗ್ರಾಹಕನ ಹೂಡಿಕೆಯ ಹಣ ಸಲಹೆಗಾರನ ಖಾತೆಗೆ ಬರಲೇಬಾರದು. ತಿಂಗಳಿಗಿಷ್ಟು ಬಡ್ಡಿ ಎಂದು ಜನರಿಂದ ಹಣ ಎತ್ತಿದರೆ ಅದು ಸಲಹೆಯಲ್ಲ, ಠೇವಣಿ ಸಂಗ್ರಹ. ಅದಕ್ಕೆ ಕರ್ನಾಟಕದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ, ಕೇಂದ್ರದ 2019ರ ಅನಿಯಂತ್ರಿತ ಠೇವಣಿ ಯೋಜನೆ ನಿಷೇಧ ಕಾಯ್ದೆ ಅನ್ವಯಿಸುತ್ತವೆ. ನೋಂದಣಿಯಿಲ್ಲದೆ ಸಲಹೆ ಮಾರಿದವರಿಗೆ ಸೆಬಿ ಕಾಯ್ದೆಯ 24ನೇ ಕಲಮಿನಲ್ಲಿ 10 ವರ್ಷದವರೆಗೆ ಜೈಲು, 25 ಕೋಟಿವರೆಗೆ ದಂಡ ಅಥವಾ ಎರಡೂ ಇವೆ. ನೋಂದಾಯಿತ ಸಲಹೆಗಾರನ ಮೇಲಿನ ದೂರನ್ನು ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ಸಲ್ಲಿಸಬಹುದು.