ಯೌವನದ ದುಡಿಮೆ, ಮುಪ್ಪಿನ ಪಾಲು: ದೀವಾನಿನಿಂದ ಬೀಡಿ ಪಿಂಚಣಿಯವರೆಗೆ

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯವನ್ನು ದಾಟಿ ಕೊಡಗಿನ ಘಟ್ಟದ ಕಡೆಗೆ ಹೊರಟವರಿಗೆ ಪಯಸ್ವಿನಿಯ ಬದಿಯಲ್ಲಿ ಸಿಗುವ ಪುಟ್ಟ ಪೇಟೆ ಕಲ್ಲುಗುಂಡಿ. ಅಡಿಕೆ ಮತ್ತು ರಬ್ಬರು ತೋಟಗಳ ನಡುವಿನ ಈ ಸೀಮೆಯಲ್ಲಿ, ದಕ್ಷಿಣ ಕನ್ನಡದ ಉಳಿದೆಡೆಗಳಂತೆಯೇ, ಅಸಂಖ್ಯ ಮನೆಗಳ ಅಕ್ಕಿ ಬೆಂದದ್ದು ಬೀಡಿಯ ದುಡಿಮೆಯಿಂದ. ಸುಬಹ್ ನಮಾಝ್ ಮುಗಿಸಿ, ಎಲೆ ಕತ್ತರಿಸಿ, ಮೊರವನ್ನು ಮಡಿಲಲ್ಲಿರಿಸಿಕೊಂಡು ಜಗಲಿಯಲ್ಲಿ ಕುಳಿತ ತಾಯಂದಿರು ಮಕ್ಕಳನ್ನು ಮದ್ರಸಕ್ಕೂ ಶಾಲೆಗೂ ಕಳುಹಿಸಿದರು, ಹೆಣ್ಣುಮಕ್ಕಳ ನಿಕಾಹ್ ನಡೆಸಿದರು. ಇಂದು ಅವರ ಬೆರಳುಗಳು ಬಾಗಿವೆ, ಕಣ್ಣು ಮಂಜಾಗಿದೆ. ಅವರ ಮುಪ್ಪಿಗೆ ಸಮಾಜವು ಏನನ್ನು ಕೂಡಿಟ್ಟಿದೆ? ಈ ಪ್ರಶ್ನೆಗೆ ಹದಿನಾಲ್ಕು ಶತಮಾನಗಳಷ್ಟು ಹಿಂದಿನ ಒಂದು ಹಿನ್ನೆಲೆಯಿದೆ.

ಅಬ್ಬಾಸೀ ಖಲೀಫಾ ಹಾರೂನ್ ರಶೀದರಿಗಾಗಿ ಖಾಝಿ ಅಬೂ ಯೂಸುಫ್(ರಹ್) ರಚಿಸಿದ ‘ಕಿತಾಬುಲ್ ಖರಾಜ್’ ಎಂಬ ಗ್ರಂಥದಲ್ಲಿ ಒಂದು ಘಟನೆ ದಾಖಲಾಗಿದೆ. ಖಲೀಫಾ ಉಮರ್(ರ)ರವರು ದಾರಿಯಲ್ಲಿ ಹೋಗುತ್ತಿದ್ದಾಗ, ಬಾಗಿಲೊಂದರ ಬಳಿ ಭಿಕ್ಷೆ ಬೇಡುತ್ತಿದ್ದ ಕುರುಡ ವೃದ್ಧನೊಬ್ಬನನ್ನು ಕಂಡರು. ವಿಚಾರಿಸಿದಾಗ ಆತ ಯಹೂದಿ ಎಂದು ತಿಳಿಯಿತು. ತೆರಿಗೆ, ಬಡತನ ಮತ್ತು ವಯಸ್ಸು ತನ್ನನ್ನು ಈ ಸ್ಥಿತಿಗೆ ತಂದವೆಂದು ಆತ ಹೇಳಿದ. ಉಮರ್(ರ)ರವರು ಅವನನ್ನು ಕೈಹಿಡಿದು ಮನೆಗೆ ಕರೆದೊಯ್ದು ಕೈಲಿದ್ದುದನ್ನು ಕೊಟ್ಟರು. ಬಳಿಕ ಬೈತುಲ್ ಮಾಲಿನ ಅಧಿಕಾರಿಯನ್ನು ಕರೆಸಿ, ಇವನಿಗೂ ಇವನಂಥವರಿಗೂ ವ್ಯವಸ್ಥೆ ಮಾಡುವಂತೆ ಆಜ್ಞಾಪಿಸಿ, ತೆರಿಗೆಯಿಂದಲೂ ವಿನಾಯಿತಿ ನೀಡಿದರು. ಯೌವನದಲ್ಲಿ ಒಬ್ಬನಿಂದ ಪಡೆದು ಮುಪ್ಪಿನಲ್ಲಿ ಅವನನ್ನು ಕೈಬಿಡುವುದು ನ್ಯಾಯವಲ್ಲ ಎಂಬುದು ಅವರ ಮಾತಿನ ಸಾರವಾಗಿತ್ತು.

ಈ ಘಟನೆಯನ್ನು ನಾವು ಅನೇಕ ಭಾಷಣಗಳಲ್ಲಿ ಕೇಳಿದ್ದೇವೆ. ಆದರೆ ಅದರ ಹಿಂದಿನ ಆರ್ಥಿಕ ದೂರದೃಷ್ಟಿಯನ್ನು ಗಮನಿಸುವುದು ಕಡಿಮೆ. ಇರಾಕಿನ ಸವಾದ್ ಪ್ರದೇಶದ ಫಲವತ್ತಾದ ಭೂಮಿ ಮುಸ್ಲಿಮರ ವಶವಾದಾಗ, ಅದನ್ನು ಸೈನಿಕರಿಗೆ ಹಂಚಬೇಕೆಂದು ಹಲವರು ಒತ್ತಾಯಿಸಿದರು. ಉಮರ್(ರ) ಒಪ್ಪಲಿಲ್ಲ. ಇಂದೇ ಹಂಚಿಬಿಟ್ಟರೆ ನಾಳೆ ಬರುವವರಿಗೆ, ಅನಾಥರಿಗೆ, ವಿಧವೆಯರಿಗೆ ಉಳಿಯುವುದೇನು ಎಂದು ಕೇಳಿದರು. ಅನಂತರದ ತಲೆಮಾರುಗಳನ್ನು ಪ್ರಸ್ತಾಪಿಸುವ ಸೂರಃ ಅಲ್ ಹಶ್ರ್‌ನ ವಚನಗಳನ್ನು ಆಧಾರವಾಗಿ ಮುಂದಿಟ್ಟರು. ಭೂಮಿಯನ್ನು ಅದನ್ನು ಉಳುವವರ ಕೈಯಲ್ಲೇ ಬಿಟ್ಟು, ಅದರ ಕಂದಾಯವನ್ನು ಬೈತುಲ್ ಮಾಲಿಗೆ ಸೇರಿಸಲಾಯಿತು. ಹಿಜರಿ 20ರ ಸುಮಾರಿಗೆ ‘ದೀವಾನ್’ ಎಂಬ ದಾಖಲೆ ಪುಸ್ತಕ ಸಿದ್ಧವಾಗಿ, ಹೆಸರು ನೋಂದಾಯಿತರಾದವರಿಗೆ ವರ್ಷಾಶನ ಸಲ್ಲತೊಡಗಿತು. ಅಂದರೆ ಅಲ್ಲಿ ವಾಗ್ದಾನದ ಜೊತೆಗೆ ಅದನ್ನು ನಡೆಸಿಕೊಡುವ ಮೂಲಧನವೂ ಇತ್ತು.

ಆ ಮೂಲಕ್ಕೂ ವಾಗ್ದಾನಕ್ಕೂ ಹೊಂದಾಣಿಕೆ ತಪ್ಪಿದಾಗ ಏನಾಯಿತೆಂಬುದನ್ನೂ ಇತಿಹಾಸ ಹೇಳುತ್ತದೆ. ಹೆಸರುಗಳು ಬೆಳೆದವು, ಹೊಸ ಸೇನೆಗಳ ಖರ್ಚು ಹೆಚ್ಚಿತು, ಆದಾಯ ಅದೇ ವೇಗದಲ್ಲಿ ಬೆಳೆಯಲಿಲ್ಲ. ಕ್ರಿ.ಶ. 833ರಲ್ಲಿ ಖಲೀಫಾ ಮುಅ್‌ತಸಿಮ್, ಈಜಿಪ್ಟಿನ ಅರಬರ ಹೆಸರುಗಳನ್ನು ದೀವಾನಿನಿಂದ ತೆಗೆದು ಅವರ ವರ್ಷಾಶನ ನಿಲ್ಲಿಸುವಂತೆ ಅಲ್ಲಿನ ರಾಜ್ಯಪಾಲನಿಗೆ ಪತ್ರ ಬರೆದ. ತಲೆಮಾರುಗಳಿಂದ ನಂಬಿ ಬಂದ ಹಕ್ಕೊಂದು ಒಂದು ಆಜ್ಞೆಯಿಂದ ಕೊನೆಗೊಂಡಿತು.

ಈಗ ನಮ್ಮ ಜಗಲಿಗೆ ಬರೋಣ. ಬೀಡಿ ಕಾರ್ಮಿಕರ ಕಾಯ್ದೆ 1966ರಲ್ಲಿ ಬಂತು. ಭವಿಷ್ಯನಿಧಿ ಬೀಡಿ ಉದ್ಯಮಕ್ಕೆ ಅನ್ವಯವಾದದ್ದು 1977ರಲ್ಲಿ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರೂ ಅದರ ವ್ಯಾಪ್ತಿಗೆ ಸೇರುತ್ತಾರೆಂದು ಸುಪ್ರೀಂ ಕೋರ್ಟ್ 1985ರಲ್ಲಿ ಸ್ಪಷ್ಟಪಡಿಸಿತು. 1995ರ ನವೆಂಬರ್ 16ರಿಂದ ನೌಕರರ ಪಿಂಚಣಿ ಯೋಜನೆ ಜಾರಿಯಾಯಿತು. ಮಾಲೀಕರ ಪಾಲಿನಿಂದ ವೇತನದ ಶೇ. 8.33, ಸರಕಾರದಿಂದ ಶೇ. 1.16 ಇದಕ್ಕೆ ಸಲ್ಲುತ್ತದೆ. ಕನಿಷ್ಠ ಹತ್ತು ವರ್ಷಗಳ ಸೇವೆಯಿದ್ದರೆ 58ನೇ ವಯಸ್ಸಿನಿಂದ ಪಿಂಚಣಿ. ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಮೊತ್ತ ಸಿಗುತ್ತದೆ.

ಲೆಕ್ಕ ಸರಳ, ಫಲ ಕಹಿ. ತಿಂಗಳಿಗೆ 3,000 ರೂಪಾಯಿ ವೇತನ ದಾಖಲಾಗಿ 28 ವರ್ಷ ದುಡಿದ ತಾಯಿಗೆ ಸಿಗುವುದು 1,200 ರೂಪಾಯಿ. 20 ವರ್ಷವಾದರೆ 857. ಆಗ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ 1,000 ರೂಪಾಯಿ ಅನ್ವಯಿಸುತ್ತದೆ. 3,000ದ ವೇತನಕ್ಕೆ ಮಾಲೀಕರಿಂದ ಪಿಂಚಣಿ ನಿಧಿಗೆ ಬಿದ್ದದ್ದು ತಿಂಗಳಿಗೆ 250 ರೂಪಾಯಿಯಷ್ಟೇ. ಚಿಕ್ಕ ಕೂಲಿ, ಚಿಕ್ಕ ವಂತಿಗೆ, ದೀರ್ಘವಾಗುತ್ತಿರುವ ಆಯುಷ್ಯ: ನಿಧಿಯ ಲೆಕ್ಕಪರಿಶೀಲನೆಗಳು ಪದೇ ಪದೇ ಕೊರತೆ ತೋರಿಸಿದ್ದಕ್ಕೆ ಇಂಥವೇ ಕಾರಣಗಳು. ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಪಡೆಯುವ ಅವಕಾಶವನ್ನು 2008ರಲ್ಲಿ ಹಿಂತೆಗೆಯಲಾಯಿತು. ಇನ್ನು ಒಬ್ಬರ ಪುಸ್ತಕದಲ್ಲಿ ಮನೆಮಂದಿಯೆಲ್ಲ ಬೀಡಿ ಕಟ್ಟಿಕೊಟ್ಟ ಮನೆಗಳೆಷ್ಟೋ! ಅಲ್ಲಿ ದುಡಿದವರು ಮೂವರು, ದಾಖಲೆಯಲ್ಲಿರುವವರು ಒಬ್ಬರು.

ಸರಕಾರದ ಸಾಮಾಜಿಕ ಪಿಂಚಣಿಯೂ ಇದೆ. 1995ರ ಆಗಸ್ಟ್ 15ರಂದು ಕೇಂದ್ರದ ವೃದ್ಧಾಪ್ಯ ವೇತನ 75 ರೂಪಾಯಿಯಿಂದ ಆರಂಭವಾಯಿತು. 2006ರಲ್ಲಿ ಕೇಂದ್ರದ ಪಾಲು 200 ರೂಪಾಯಿಗೆ ಏರಿತು. ಎಂಬತ್ತು ದಾಟದ ವೃದ್ಧರಿಗೆ ಅದು ಅಲ್ಲಿಯೇ ನಿಂತಿದೆ. 2007ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆ 400 ರೂಪಾಯಿಯಿಂದ 1,200ಕ್ಕೆ ತಲುಪಿದೆ. ಇತ್ತ ಅವಲಂಬಿತರ ಪ್ರಮಾಣ ಏರುತ್ತಿದೆ: 2011ರ ಜನಗಣತಿಯಲ್ಲಿ ಕರ್ನಾಟಕದ ಜನರಲ್ಲಿ ಅರುವತ್ತು ದಾಟಿದವರು ಸುಮಾರು ಶೇ. 9.5ರಷ್ಟಿದ್ದರು. ಕುಟುಂಬಗಳು ಚಿಕ್ಕದಾಗಿವೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ.

ಆ ಗಲ್ಫಿನ ಮಕ್ಕಳ ಮುಪ್ಪನ್ನೂ ನೆನೆಯಬೇಕು. ಸೌದಿ ಕಾನೂನಿನಂತೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಅನಂತರ ವರ್ಷಕ್ಕೊಂದು ತಿಂಗಳ ಸಂಬಳ ಸೇವಾಂತ್ಯದಲ್ಲಿ ಸಿಗುತ್ತದೆ. ಅದು ಒಂದೇ ಬಾರಿ ಕೈಸೇರುವ ಮೊತ್ತ, ಪಿಂಚಣಿಯಲ್ಲ. ಮನೆ ಕಟ್ಟಿ, ಮಗಳ ಮದುವೆ ಮಾಡುವಷ್ಟರಲ್ಲಿ ಅದು ಕರಗಿರುತ್ತದೆ. ಬೀಡಿ ಕಟ್ಟಿದ ತಾಯಿಗೆ ಸಾವಿರ ರೂಪಾಯಿಯಾದರೂ ಇದೆ. ಮರುಭೂಮಿಯಲ್ಲಿ ದುಡಿದು ಮರಳಿದ ಮಗನಿಗೆ ಅದೂ ಇಲ್ಲ.

ತಂದೆತಾಯಿಯರ ಮುಪ್ಪನ್ನು ಗೌರವಿಸುವುದು ಅಲ್ಲಾಹನ ಆರಾಧನೆಯ ಬೆನ್ನಲ್ಲೇ ಕುರ್‌ಆನ್ ವಿಧಿಸಿದ ಕರ್ತವ್ಯ. ಮಕ್ಕಳ ಹೊಣೆ ಅದರಿಂದ ತಪ್ಪುವುದಿಲ್ಲ. ಆದರೆ ಮಕ್ಕಳೇ ಇಲ್ಲದ, ಇದ್ದೂ ಕೈಲಾಗದ ಮನೆಗಳಿಗೆ ಸಮುದಾಯವೇ ಮಗನಾಗಬೇಕು. ಜಮಾಅತ್‌ನ ವಿದ್ಯಾವಂತ ಯುವಕರು ಮನೆಮನೆಗೆ ಹೋಗಿ ಹಳೆಯ ಭವಿಷ್ಯನಿಧಿ ಪುಸ್ತಕಗಳನ್ನು ಹುಡುಕಿಕೊಡಬಹುದು. ಎಲೆ ಸುತ್ತಿ ಸವೆದ ಬೆರಳುಗಳ ಗುರುತು ಯಂತ್ರದಲ್ಲಿ ಮೂಡದೆ ವಾರ್ಷಿಕ ಜೀವನ ಪ್ರಮಾಣಪತ್ರಕ್ಕೆ ಪರದಾಡುವ ಹಿರಿಯರ ಜೊತೆ ನಿಲ್ಲಬಹುದು. ಝಕಾತ್‌ನ ಎಂಟು ವಿಭಾಗಗಳಲ್ಲಿ ಮೊದಲು ಬರುವ ಫಕೀರರು ಮತ್ತು ಮಿಸ್ಕೀನರ ಪಟ್ಟಿಯಲ್ಲಿ ನಮ್ಮೂರಿನ ವೃದ್ಧರನ್ನು ಹೆಸರು ಹಿಡಿದು ಗುರುತಿಸಬಹುದು. ಮೂಲವನ್ನು ಮುಟ್ಟದೆ ಫಲವನ್ನಷ್ಟೇ ಹಂಚುವ ವಕ್ಫ್ ಎಂಬ ಕ್ರಮ ನಮ್ಮಲ್ಲೇ ಇದೆ. ಒಂದು ಅಂಗಡಿ ಕೋಣೆಯ ಬಾಡಿಗೆ, ಒಂದೆಕರೆ ತೋಟದ ಅಡಿಕೆ, ಊರಿನ ನಾಲ್ಕು ವೃದ್ಧರ ಔಷಧಿಗೆ ಸಾಕಾಗಬಹುದು.

ಸವಾದಿನ ಭೂಮಿಯನ್ನು ಹಂಚದೆ ಉಳಿಸಿದ ದೂರದೃಷ್ಟಿ ನಮಗೂ ಬರಲಿ. ನಮ್ಮ ಯೌವನವನ್ನು ಬೆಳೆಸಿದ ಕೈಗಳು ಮುಪ್ಪಿನಲ್ಲಿ ಇನ್ನೊಬ್ಬರ ಬಾಗಿಲ ಮುಂದೆ ಚಾಚದಂತೆ ನೋಡಿಕೊಳ್ಳಲು ಅಲ್ಲಾಹನು ತೌಫೀಕ್ ನೀಡಲಿ.