ಚಿನ್ನ ಹೋಯಿತು, ಧೂಳು ಉಳಿಯಿತು



ಕರ್ನಾಟಕದಲ್ಲಿ ವಿದ್ಯುತ್ತಿನ ಮಾತು ಬಂದಾಗಲೆಲ್ಲ 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಅದಕ್ಕೂ ಮೂರು ವರ್ಷ ಮೊದಲೇ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಆ ಯೋಜನೆಯ ಮೊದಲ ಗಿರಾಕಿ ಊರಲ್ಲ, ಗಣಿ.

ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದ ಈ ಗಣಿಗಳಿಂದ ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಯಂತ್ರಗಳು ಕೆಲಸದ ವೇಗ ಹೆಚ್ಚಿಸಿದವು, ನಿಜ. ಆದರೆ ಅವು ಕೊರೆದ ಕಲ್ಲಿನ ನುಣುಪಾದ ಧೂಳು ಕಾರ್ಮಿಕರ ಎದೆ ಸೇರಿತು. 1940ರ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಒಮ್ಮೆ ಬಂದರೆ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಅದು.

ಇನ್ನು ಲೆಕ್ಕಕ್ಕೆ ಬರೋಣ. ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲಿನಲ್ಲಿ ಸಿಗುತ್ತಿದ್ದದ್ದು ಮೂರು ನಾಲ್ಕು ಗ್ರಾಂ ಚಿನ್ನ. ಅಂದರೆ ಮದುವೆಯ 40 ಗ್ರಾಂ ಸರಕ್ಕೆ ಕನಿಷ್ಠ ಹತ್ತು ಟನ್ ಕಲ್ಲನ್ನು ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ತೊಳೆಯಬೇಕು. ಸರ ಮದುವೆಮನೆಗೆ ಹೋಗುತ್ತದೆ, ಹತ್ತು ಟನ್ ಪುಡಿ ಊರಲ್ಲೇ ಉಳಿಯುತ್ತದೆ. ಹೀಗೆ ಉಳಿದದ್ದು ಮೂರು ಕೋಟಿ ಟನ್ನಿಗೂ ಹೆಚ್ಚು. ಜನ ಅವನ್ನು 'ಸೈನೈಡ್ ದಿಬ್ಬ'ಗಳೆನ್ನುತ್ತಾರೆ. ಗಾಳಿಯ ಕಾಲದಲ್ಲಿ ಆ ದಿಬ್ಬಗಳ ಧೂಳು ಮನೆಯೊಳಗೂ ಬರುತ್ತದೆ.

2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಅನೇಕರು ಕೂಲಿಗಾಗಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೊರಟರು. ಒಂದು ಕಾಲಕ್ಕೆ ಬೆಂಗಳೂರಿಗಿಂತ ಮೊದಲೇ ವಿದ್ಯುತ್ತು ಕಂಡ ಊರಿನ ಪಾಡು ಇದು.

ಗಣಿ ಮುಚ್ಚಿದರೂ ನಮ್ಮ ಬಯಕೆ ಮುಚ್ಚಲಿಲ್ಲ. ದುಬೈಯಲ್ಲೋ ಸಿಂಗಪುರದಲ್ಲೋ ಗಾಜಿನ ಪೆಟ್ಟಿಗೆಯೊಳಗೆ ಹೊಳೆಯುವ ಸರ ನೋಡುವಾಗ, ಅದರ ದಿಬ್ಬ ಯಾವ ಊರಿನಲ್ಲಿ ಉಳಿದಿದೆಯೋ ನಮಗೆ ಕಾಣುವುದಿಲ್ಲ. ಸೂಜಿ ಚಿನ್ನದ್ದೆಂದು ಕಣ್ಣಿಗೆ ಚುಚ್ಚಿಕೊಳ್ಳಲಾಗದು ಎಂದರು ಹಿರಿಯರು. ನಾವು ಚುಚ್ಚುತ್ತಿರುವುದು ಬೇರೆಯವರ ಕಣ್ಣಿಗೆ, ಅಷ್ಟೇ ವ್ಯತ್ಯಾಸ.

ಚಿನ್ನವನ್ನು ದೂರಿ ಫಲವಿಲ್ಲ. ಅದು ತುಕ್ಕು ಹಿಡಿಯದು, ಸವೆದರೂ ಕೆಡದು. ಅಜ್ಜಿಯ ಸರ ಕರಗಿಸಿ ಮೊಮ್ಮಗಳಿಗೆ ಬಳೆ ಮಾಡಿಸುವುದು ನಮ್ಮಲ್ಲಿ ಹಿಂದಿನಿಂದಲೂ ಇದ್ದ ರೂಢಿ. ಆ ಬಳೆಗಾಗಿ ಯಾರೂ ಹೊಸದಾಗಿ ನೆಲ ಅಗೆಯಬೇಕಿಲ್ಲ. ಮುಂದಿನ ಮದುವೆಯ ಪಟ್ಟಿ ಬರೆಯುವಾಗ ಇದನ್ನೂ ನೆನೆಯೋಣ.